ಅರ್ಧ ಬಾವಿಯಲ್ಲಿ ನಿಂತ ಬುಟ್ಟಿ

ಕೃಷ್ಣೆಗೆ ಹೊಸ ನೀರು ಬರುವುದರೊಳಗೆ ಬಾವಿಯ ತಳ ಮುಟ್ಟಬೇಕಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆ. ದಿಗ್ಗೇವಾಡಿಯ ಹತ್ತಿರ ನದಿಯ ದಂಡೆಯ ಮೇಲೆ ರೈತರು ಸೇರಿ ಏತ ನೀರಾವರಿಗೆಂದು ದೊಡ್ಡ ಬಾವಿಯೊಂದನ್ನು ತೋಡಿಸುತ್ತಿದ್ದರು. ನದಿಯ ನೀರು ಕೊರಕಲಿನಿಂದ ಈ ಬಾವಿಗೆ ಬರಬೇಕು, ಇಲ್ಲಿಂದ ಪಂಪಿನಲ್ಲಿ ಮೇಲಿನ ಕಬ್ಬಿನ ಹೊಲಗಳಿಗೆ ಏರಬೇಕು. ಬೆಳಗಾವಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ಬಂದಿದ್ದ ನಾನು ಆ ಕೆಲಸದ ಮೇಲ್ವಿಚಾರಕ. ನೆಲದ ಮಣ್ಣು ಬೇಗ ಮುಗಿದು ಕೆಳಗೆ ಕರಿಕಲ್ಲು ಹತ್ತಿತ್ತು. ಅಲ್ಲಿಂದ ಮುಂದೆ ಸಲಿಕೆ ಗುದ್ದಲಿಯ ಕೆಲಸವಲ್ಲ, ಮದ್ದಿನ ಕೆಲಸ.

ಅದರ ಕ್ರಮವನ್ನು ಇಲ್ಲಿ ಬಿಡಿಸಿ ಹೇಳಬೇಕು. ಆ ಕ್ರಮ ಗೊತ್ತಿಲ್ಲದಿದ್ದರೆ ನನಗೆ ಏನಾಯಿತೆಂಬುದು ತಿಳಿಯುವುದಿಲ್ಲ.

ಬಾವಿಯ ಬಾಯಿಯ ಮೇಲೆ ಒಂದು ಯಾರಿ ಕೂತಿರುತ್ತದೆ. ಯಾರಿ ಎಂದರೆ ಡೀಸೆಲ್ ಇಂಜಿನ್ನಿನಿಂದ ನಡೆಯುವ, ಉದ್ದ ಕೈ ಚಾಚಿದ, ಉಕ್ಕಿನ ಹಗ್ಗದ ತುದಿಗೆ ಕಬ್ಬಿಣದ ಬುಟ್ಟಿ ಕಟ್ಟಿದ ಎತ್ತುವ ಯಂತ್ರ. ಕಲ್ಲೂ ಮನುಷ್ಯರೂ ಅದೇ ಬುಟ್ಟಿಯಲ್ಲಿ ಏರಿಳಿಯಬೇಕು. ಕೆಳಗೆ ಆಳುಗಳು ಗಾಳಿಯ ಡ್ರಿಲ್‌ನಿಂದ ಬಂಡೆಗೆ ತೂತು ಕೊರೆದು ಮೇಲೆ ಬಂದ ನಂತರ, ಸುರಂಗದ ಮಿಸ್ತ್ರಿ, ಎಂದರೆ ಬಂಡೆ ಸಿಡಿಸುವವನು, ಒಬ್ಬನೇ ಇಳಿದು ತೂತುಗಳಿಗೆ ಮದ್ದಿನ ತೋಟಾ ತುಂಬಿ, ಬತ್ತಿ ಇಟ್ಟು, ಮೇಲೆ ಜೇಡಿಮಣ್ಣು ಗಿಡಿಯುತ್ತಾನೆ. ಬತ್ತಿಗಳನ್ನು ಒಂದಕ್ಕಿಂತ ಒಂದು ಉದ್ದವಾಗಿ ಕತ್ತರಿಸಿರುತ್ತಾನೆ. ಅವು ಒಂದಾದ ಮೇಲೊಂದು ಹಾರಿದರೆ ಮಾತ್ರ ಎಣಿಸಲು ಬರುತ್ತದೆ. ಬತ್ತಿ ಹಚ್ಚಿ, ಬುಟ್ಟಿಗೆ ಹತ್ತಿ, ಹಗ್ಗ ಜಗ್ಗುತ್ತಾನೆ. ಯಾರಿಯವನು ಅವನನ್ನು ಮೇಲೆ ಎಳೆದುಕೊಂಡು ಇಂಜಿನ್ ಆರಿಸುತ್ತಾನೆ. ಎಲ್ಲರೂ ಓಡಿ ದೂರದ ಬದುವಿನ ಹಿಂದೆ ಅಡಗುತ್ತಾರೆ. ಯಾರಿಯವನು ಮಾತ್ರ ಹತ್ತಿರದಲ್ಲೇ, ಕಲ್ಲಿನ ರಾಶಿಯ ಮರೆಯಲ್ಲಿ ಕೂರುತ್ತಾನೆ.

ಏಕೆಂದರೆ ಎಣಿಕೆ ಅವನದು. ಆ ಭಾಗದಲ್ಲಿ ಬಾವಿ ತೋಡುವವರಲ್ಲಿ ಇದು ಮೊದಲಿನಿಂದ ನಡೆದುಬಂದ ಪದ್ಧತಿ. ತುಂಬಿದ ತೂತಿಗೆ ಒಂದರಂತೆ ಸಣ್ಣ ಕಲ್ಲುಗಳನ್ನು ಕೈಯಲ್ಲಿ ಹಿಡಿದಿರುತ್ತಾನೆ. ಒಂದು ಸಿಡಿದರೆ ಒಂದು ಕಲ್ಲು ಎಸೆಯುತ್ತಾನೆ. ಕೈ ಖಾಲಿಯಾದರೆ ಎಲ್ಲವೂ ಹಾರಿವೆ. ಒಂದಾದರೂ ಉಳಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಮಿಸ್ತ್ರಿಗೂ ಆಳುಗಳಿಗೂ ಅಡಿಯ ಲೆಕ್ಕದಲ್ಲಿ ಕೂಲಿ, ಅವರಿಗೆ ಅವಸರ. ಯಾರಿಯವನಿಗೆ ದಿನದ ಪಗಾರ, ಅವನಿಗೆ ಅವಸರವಿಲ್ಲ. ಆದ್ದರಿಂದ ಅವನ ಮಾತೇ ಕೊನೆ. ಮಾತು ಕೂಡ ಬೇಕಿಲ್ಲ. ಅವನು ಬ್ರೇಕ್ ಸಡಿಲಿಸಿ ಬುಟ್ಟಿ ಇಳಿಸಿದನೆಂದರೆ ಎಲ್ಲವೂ ಹಾರಿವೆ ಎಂದೇ ಅರ್ಥ.

ನಮ್ಮ ಯಾರಿಯವನು ಅಥಣಿ ಕಡೆಯ ಕ್ರೈಸ್ತ. ಮೂವತ್ತರ ಆಸುಪಾಸಿನ, ಹೆಚ್ಚು ಮಾತಾಡದ ಮನುಷ್ಯ. ಸಂಜೆ ಕೆಲಸ ಬಿಟ್ಟ ಮೇಲೆ ಕೈಕಾಲು ತೊಳೆದು ತನ್ನ ತಗಡಿನ ಶೆಡ್ಡಿನ ಮುಂದೆ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ನನ್ನ ಊಟ. ಹಾಗಾಗಿ ನಾನು ಉಣ್ಣುವ ಹೊತ್ತೂ ಅವನ ಪ್ರಾರ್ಥನೆಯ ಹೊತ್ತೂ ಒಂದೇ. ನಾನು ತಾಟು ಹಿಡಿದು ಕೂತಿದ್ದಾಗ ಅವನ ಬೆನ್ನು ಕಾಣುತ್ತಿತ್ತು. ಅಷ್ಟೇ ನಮ್ಮ ಪರಿಚಯ.

ಮೊದಲ ಮಿಸ್ತ್ರಿ ಕಾಮಾಲೆಯಾಗಿ ಊರಿಗೆ ಹೋದ. ಗುತ್ತಿಗೆದಾರ ಎರಡು ದಿನ ಓಡಾಡಿ ಹೊಸಬನನ್ನು ಕರೆತಂದ. ದಪ್ಪ ಮೀಸೆ, ಎತ್ತರದ ದನಿ, ಕೆಲಸದಲ್ಲಿ ನುರಿತ ಆಳು. ಬುಟ್ಟಿಯಿಂದ ಇಳಿಯುವ ಮೊದಲೇ ಬಂಡೆಯ ಬಿರುಕು ನೋಡಿ ಎಲ್ಲಿ ತೂತು ಬೇಕೆಂದು ಹೇಳಬಲ್ಲವನು. ಅವನು ಬಂದ ಸಂಜೆ ಯಾರಿಯವನು ನನ್ನ ಹತ್ತಿರ ಬಂದು ನಿಂತ.

"ಸಾಹೇಬ್ರ, ನನ್ನ ಯಾರಿ ಮ್ಯಾಲಿಂದ ಇಳಸ್ರಿ."

"ಯಾಕ? ಪಗಾರ ಸಾಲವಲ್ದೇನು?"

"ಪಗಾರದ್ದಲ್ರಿ. ಆ ಮಿಸ್ತ್ರಿ ಇರೂತನಕ ನನ್ನ ಕಲ್ಲು ಹೊರಾಕ ಹಾಕ್ರಿ, ಮಣ್ಣು ಹೊರಾಕ ಹಾಕ್ರಿ. ಬ್ರೇಕ್ ಮಾತ್ರ ನನ್ನ ಕೈಯಾಗ ಕೊಡಬ್ಯಾಡ್ರಿ."

ಏನೋ ಜಗಳವಿರಬೇಕೆಂದು ನಾನು ನಕ್ಕೆ. ಅವನು ನಗಲಿಲ್ಲ. ನಿಂತಲ್ಲೇ ಹೇಳಿದ. ಅವನ ತಮ್ಮ ಅಥಣಿ ಹತ್ತಿರದ ಒಂದು ಬಾವಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದ. ಅಲ್ಲಿ ಇದೇ ಮಿಸ್ತ್ರಿ. ಯಾರಿಯಿಲ್ಲದ ಸಣ್ಣ ಬಾವಿ, ಎಣಿಕೆಯೂ ಅವನದೇ. ಒಂದು ತೋಟಾ ಸಿಡಿಯದೆ ಉಳಿದಿತ್ತು. ಅದು ಮಿಸ್ತ್ರಿಗೆ ಗೊತ್ತಿತ್ತೆಂದು ಅಲ್ಲಿದ್ದವರು ಆಮೇಲೆ ಹೇಳಿದರು. ಒಂದು ದಿನದ ಕೆಲಸ ಹೋಗುತ್ತದೆಂದು ಬಾಯಿ ಬಿಡಲಿಲ್ಲ. ತಮ್ಮ ಇಳಿದು ಅದರ ಮಗ್ಗುಲಲ್ಲೇ ಡ್ರಿಲ್ ಹಚ್ಚಿದ. ವಿಚಾರಣೆಗೆ ಬಂದವರ ಮುಂದೆ ಮಿಸ್ತ್ರಿ, ಆ ಹುಡುಗ ಹೇಳದೆ ಕೇಳದೆ ತಾನೇ ಇಳಿದ ಎಂದುಬಿಟ್ಟ. ತಪ್ಪು ಸತ್ತವನ ಮೇಲೆ ಹೋಯಿತು.

"ಇನ್ನ ದಿನಾ ಅವನ ಜೀವ ನನ್ನ ಕೈಯಾಗ ಇಳೀತೈತ್ರಿ, ಏರತೈತ್ರಿ," ಎಂದ. "ನಾ ಏನೂ ಮಾಡೂದ ಬ್ಯಾಡ್ರಿ. ಒಂದ್ ಸಲ ಸುಮ್ಮಕಿದ್ರ ಸಾಕು. ನನ್ನ ತಮ್ಮನ ಮುಂದ ಅವ ಹ್ಯಾಂಗ ಸುಮ್ಮಕಿದ್ದ, ಹಂಗ. ಇದು ಸೈತಾನ ನನ್ನ ಕೆಡವಾಕ ತಂದಿಟ್ಟ ಶೋಧನೆ ಅಂತ ನನಗ ಗೊತ್ತೈತಿ. ಗೊತ್ತಿದ್ರೂ ಮನಸ್ಸು ಅಲ್ಲೇ ಹೋಗತೈತಿ."

ಕೊಲ್ಲುವ ಆಸೆಯನ್ನು ಒಬ್ಬ ಮನುಷ್ಯ ಇಷ್ಟು ನೆಟ್ಟಗೆ, ರಜೆ ಕೇಳುವ ದನಿಯಲ್ಲಿ ಹೇಳುವುದನ್ನು ನಾನು ಕೇಳಿರಲಿಲ್ಲ. "ನೀ ದಿನಾ ಪ್ರಾರ್ಥನಾ ಮಾಡ್ತೀಯಲ್ಲ?" ಎಂದೆ.

"ಮಾಡ್ತೀನ್ರಿ. ನಮ್ಮ ಸಭಾಪಾಲಕರು ಹೇಳ್ಯಾರ, ಯಾರ ಮ್ಯಾಲ ಸಿಟ್ಟ ಐತಿ ಅವರ ಹೆಸರು ತಗೊಂಡ ದಿನಾ ಪ್ರಾರ್ಥನಾ ಮಾಡು ಅಂತ. ತಮ್ಮ ಹೋದಾಗಿಂದ ಈ ಮಿಸ್ತ್ರಿ ಹೆಸರು ತಗೋತೀನಿ. ಮೊದಮೊದಲ ಬೈಕೋತ ತಗೋತಿದ್ದೆ. ಈಗ ಬೈಗಳ ನಿಂತೈತಿ, ಸಿಟ್ಟ ನಿಂತಿಲ್ಲ."

ನಾನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಮರುದಿನವೇ ಗುತ್ತಿಗೆದಾರನಿಗೆ ಕಾರಣ ಹೇಳದೆ, ಯಾರಿ ನಡೆಸಲು ಬೇರೊಬ್ಬನನ್ನು ಹುಡುಕು ಎಂದೆ. ಅವನು ಏಕಸಂಬಿ, ಚಿಕ್ಕೋಡಿ, ನಿಪ್ಪಾಣಿವರೆಗೂ ಹೇಳಿಕಳಿಸಿದ. ಮಳೆಗಾಲದ ಮುಂಚಿನ ದಿನಗಳು. ಎಲ್ಲ ಕಡೆ ಬಾವಿಗಳ ಕೆಲಸ, ಬಿಡುವಿದ್ದ ಯಾರಿಯವನು ಒಬ್ಬನೂ ಇರಲಿಲ್ಲ. ಮಿಸ್ತ್ರಿಯನ್ನೇ ಬದಲಿಸೋಣವೆಂದರೆ ಅವನನ್ನು ತಂದದ್ದೇ ಕಷ್ಟದಲ್ಲಿ. ಕೆಲಸ ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ಯಾರಿಯವನಿಗೆ ಹೀಗೆ ಹೀಗೆ ಎಂದು ತಿಳಿಸಿದೆ. ಅವನು ತಲೆಯಾಡಿಸಿ ಯಾರಿ ಹತ್ತಿದ.

ಮಿಸ್ತ್ರಿಗೆ ಇವನು ಯಾರೆಂದು ಗೊತ್ತಿತ್ತು. ಗೊತ್ತಿದ್ದೂ ಬುಟ್ಟಿ ಹತ್ತುತ್ತಿದ್ದ. ನಾನು ಒಮ್ಮೆ ಅವನನ್ನು ಬದಿಗೆ ಕರೆದು, "ನಿಮ್ಮಿಬ್ಬರ ನಡುವ ಹಳೇದೇನೋ ಐತಂತಲ್ಲ, ಹುಷಾರಾಗಿರು" ಎಂದೆ.

ಅವನು ಜೋರಾಗಿ ನಕ್ಕ. "ಸಾಹೇಬ್ರ, ಅವ ಕ್ರಿಸ್ತಾನ ಮನಶ್ಯಾ. ಏನ ಮಾಡ್ತಾನ? ಭಾಳ ಆದ್ರ ಪ್ರಾರ್ಥನಾ ಮಾಡ್ತಾನ!"

ಊಟದ ಹೊತ್ತಿನಲ್ಲೂ ಅದೇ ಚೇಷ್ಟೆ. "ಏ ಪಾದ್ರಿ, ಒಂದೀಟ ಖಾರಬ್ಯಾಳಿ ಕೊಡಲೇ. ನಿಮ್ಮ ದೇವರು ಹಂಚಿ ತಿನ್ನು ಅಂದಾನೋ ಇಲ್ಲೋ?" ಆಳುಗಳು ನಗುತ್ತಿದ್ದರು. ಯಾರಿಯವನು ಡಬ್ಬಿಯನ್ನು ಅವನ ಮುಂದೆ ಸರಿಸಿ ಎದ್ದು ಹೋಗುತ್ತಿದ್ದ. ಮಿಸ್ತ್ರಿ ಬೆರಳು ಚೀಪುತ್ತ, "ನೋಡ್ರಿ, ಎಂಥಾ ಗುಣವಂತ!" ಎನ್ನುತ್ತಿದ್ದ.

ತಳದಲ್ಲಿ ಒಸರು ಹತ್ತಿದಾಗಿನಿಂದ ಕಷ್ಟ ಹೆಚ್ಚಾಯಿತು. ನದಿಯ ಕಡೆಯ ಗೋಡೆಯಿಂದ ನೀರು ಜಿನುಗಿ ತೂತುಗಳಿಗೆ ತುಂಬುತ್ತಿತ್ತು. ಪಂಪು ಹಚ್ಚಿ ಖಾಲಿ ಮಾಡಿ, ತೂತುಗಳನ್ನು ಚಿಂದಿ ಬಟ್ಟೆಯಿಂದ ಒರೆಸಿ, ಬತ್ತಿಗೆ ಗ್ರೀಸು ಸವರಿ ಇಡಬೇಕಾಯಿತು. ನಡುವೆ ಡ್ರಿಲ್ಲಿಗೆ ಗಾಳಿ ಕೊಡುವ ಕಂಪ್ರೆಸರ್ ಕೆಟ್ಟು ರಾಯಬಾಗದಿಂದ ಮೆಕ್ಯಾನಿಕ್ ಬರುವವರೆಗೆ ಎಲ್ಲರೂ ಕೈಕಟ್ಟಿ ಕೂತೆವು. ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತ್ತು. ಗುತ್ತಿಗೆದಾರ ದಿನಕ್ಕೆ ಎರಡು ಸಲ ಮೋಟರ್ ಸೈಕಲ್ಲಿನಲ್ಲಿ ಬಂದು, ಬಾವಿಯಲ್ಲಿ ಇಣುಕಿ, "ಇನ್ನೂ ಇಷ್ಟ ಆಗೇತೇನು?" ಎಂದು ಹೋಗುತ್ತಿದ್ದ. ಬತ್ತಿಗಳ ಉದ್ದ ಕಡಿಮೆ ಮಾಡಿ ಬೇಗ ಬೇಗ ಹಾರಿಸಲು ಮಿಸ್ತ್ರಿ ಶುರು ಮಾಡಿದ. ಎರಡು ಒಟ್ಟಿಗೆ ಸಿಡಿದರೆ ಒಂದೇ ಸದ್ದಾಗಿ ಕೇಳುವ ಅಪಾಯವಿದೆ ಎಂದೆ. "ಪಾದ್ರಿಗೆ ಕಿವಿ ಛಲೋ ಅದಾವ್ರಿ," ಎಂದ.

ಆ ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಮರುದಿನ ರೈತರ ಸಂಘದ ಹಿರಿಯರು ಆಳ ನೋಡಲು ಬರುವವರಿದ್ದರು. ಮಿಸ್ತ್ರಿ ಬತ್ತಿ ಹಚ್ಚಿ ಮೇಲೆ ಬಂದ. ನಾವು ಬದುವಿನ ಹಿಂದೆ ಓಡಿದೆವು. ಒಂದಾದ ಮೇಲೊಂದು ಸಿಡಿದವು. ನೆಲ ನಡುಗಿತು, ದಂಡೆಯ ಆಚೆಯಿಂದ ಪ್ರತಿಧ್ವನಿ ಬಂದು ಸದ್ದುಗಳು ಒಂದರಲ್ಲೊಂದು ಕಲಸಿಹೋದವು. ಕೊನೆಯ ಎರಡು ಜೋಡಿಯಾಗಿ ಹಾರಿದವೆಂದು ನನಗೂ ಅನ್ನಿಸಿತು. ಮಿಸ್ತ್ರಿ, "ಆತ್ರಿ, ಎಲ್ಲಾ ಹಾರಿದುವು" ಎಂದು ಎದ್ದ. ಹೊಗೆ ಹೋಗುವವರೆಗೆ ಕಾದೆವು. ಸಡಿಲಾದ ಕಲ್ಲು ಕೆಡವಲು ಮಿಸ್ತ್ರಿ ಹಾರೆ ಹಿಡಿದು ಬುಟ್ಟಿ ಹತ್ತಿದ. ಸಾಮಾನ್ಯವಾಗಿ ಅವನ ಕೆಲಸ ಮುಗಿದ ಮೇಲೆ ನಾನು ಇಳಿಯುತ್ತಿದ್ದೆ. ಆ ದಿನ ಅಳತೆಗೆ ತಡವಾಗುತ್ತದೆಂದು ಟೇಪು ಹಿಡಿದು ನಾನೂ ಹಿಂದಿನಿಂದ ಹತ್ತಿ ನಿಂತೆ.

"ಇಳಸೋ ಪಾದ್ರಿ! ಎಲ್ಲಾ ಹಾರ್ಯಾವಲ್ಲ?" ಎಂದು ಮಿಸ್ತ್ರಿ ಕೂಗಿದ.

ಯಾರಿಯವನು ಉತ್ತರ ಕೊಡಲಿಲ್ಲ. ಅವನು ಎಂದೂ ಕೊಡುತ್ತಿರಲಿಲ್ಲ. ಅವನ ಎಡಗೈ ಮುಷ್ಟಿಯಾಗಿ ಮೊಣಕಾಲ ಮೇಲಿತ್ತು. ಬಲಗೈಯಿಂದ ಬ್ರೇಕ್ ಸಡಿಲಿಸಿದ. ಬುಟ್ಟಿ ಇಳಿಯತೊಡಗಿತು.

ಬಿಸಿಲು ತಲೆಯ ಮೇಲಿಂದ ಜಾರಿ ನೆರಳು ಬಂತು. ಮದ್ದಿನ ಘಾಟು ಮೂಗಿಗೆ ಹತ್ತಿತು. ಒದ್ದೆ ಗೋಡೆ ಕಣ್ಣ ಮುಂದೆ ಮೇಲಕ್ಕೆ ಹೋಗುತ್ತಿತ್ತು. ಮಿಸ್ತ್ರಿ ನಾಲಿಗೆಯ ಕೆಳಗೆ ತಂಬಾಕು ಇಟ್ಟುಕೊಳ್ಳುತ್ತಿದ್ದ. ಬುಟ್ಟಿ ಗಕ್ಕನೆ ನಿಂತಿತು. ನಾನು ಅವನ ಮೇಲೆ ಬಿದ್ದೆ. ಅರ್ಧ ಬಾವಿಯಲ್ಲಿ ನಾವಿಬ್ಬರೂ ತೂಗುತ್ತಿದ್ದೆವು.

"ಏನಾತಲೇ?" ಮಿಸ್ತ್ರಿ ತಲೆಯೆತ್ತಿ ಅರಚಿದ. ತಳದಲ್ಲಿ ಒಸರಿನ ನೀರು ತೊಟ್ಟಿಕ್ಕುವ ಸದ್ದು. ಆ ನಿಂತ ಗಳಿಗೆ ಎಷ್ಟು ಉದ್ದವಿತ್ತೆಂದು ನಾನು ಇಂದಿಗೂ ಅಳೆಯಲಾರೆ. ಆಮೇಲೆ ಇಂಜಿನ್ ಕೆಮ್ಮಿ ಶುರುವಾಯಿತು, ಬುಟ್ಟಿ ಮೇಲೇರಿತು.

ನೆಲದ ಮೇಲೆ ಕಾಲಿಟ್ಟ ಕೂಡಲೇ ಮಿಸ್ತ್ರಿ ಯಾರಿಯ ಹತ್ತಿರ ನುಗ್ಗಿದ. "ಯಾಕ ಎಳದಿ? ಚಲೋ ಇಳಿಯಾಕತ್ತಿದ್ವಿ!"

ಯಾರಿಯವನು ಎಡಗೈ ಬಿಚ್ಚಿದ. ಅಂಗೈಯಲ್ಲಿ ಒಂದು ಕಲ್ಲಿತ್ತು. ಗಟ್ಟಿಯಾಗಿ ಹಿಡಿದಿದ್ದಕ್ಕೆ ಚರ್ಮ ಒತ್ತಿ ಕೆಂಪಾಗಿತ್ತು.

"ಒಂದ ಉಳದೈತಿ," ಎಂದ.

"ಸುಳ್ಳ! ಎರಡ ಜೋಡೀಲೆ ಹಾರ್ಯಾವ. ನನ್ನ ಕಿವೀಲೆ ಕೇಳೇನಿ. ನನ್ನ ಮ್ಯಾಲಿನ ಸಿಟ್ಟಿಗೆ ಕೆಲಸ ಕೆಡಸಾಕತ್ತಿ. ಸಾಹೇಬ್ರ, ಇಂವ ಬೇಕಂತ ಮಾಡಾಕತ್ತಾನ ನೋಡ್ರಿ!"

ನನಗೂ ಎರಡು ಜೋಡಿಯಾಗಿ ಕೇಳಿದ್ದವು. ಕಲ್ಲು ಮಾತ್ರ ಅವನ ಕೈಯಲ್ಲಿತ್ತು. "ಪದ್ಧತಿ ಪದ್ಧತೀನ. ಇವತ್ತ ಯಾರೂ ಇಳಿಯೂದ ಬ್ಯಾಡ," ಎಂದೆ.

"ನಾ ಇಳಿತೀನಿ. ನನ್ನ ಜೀವ, ನನ್ನ ಕೆಲಸ. ಇಳಸೋ!" ಮಿಸ್ತ್ರಿ ತಿರುಗಿ ಬುಟ್ಟಿಯ ಅಂಚಿಗೆ ಕಾಲು ಹಾಕಿದ.

"ಇಳಸೂದಿಲ್ಲ," ಎಂದು ಯಾರಿಯವನು ಎರಡೂ ಕೈಗಳಿಂದ ಬ್ರೇಕ್ ಹಿಡಿದ.

ಆಗ ಬಾವಿ ಸಿಡಿಯಿತು.

ನೀರು ತಾಗಿದ ಬತ್ತಿ ಒಳಗೊಳಗೇ ಹೊಗೆಯಾಡುತ್ತ ತಡವಾಗಿ ಹಾರಿತ್ತು. ನನಗೆ ನೆನಪಿರುವುದು ಸದ್ದಲ್ಲ. ಬಾವಿಯ ಬಾಯಿಂದ ಮೇಲೆದ್ದ ಕಪ್ಪು ಕಂಬ, ಅದರಲ್ಲಿ ತಿರುಗುತ್ತಿದ್ದ ಕಲ್ಲುಗಳು. ಮಿಸ್ತ್ರಿ ಹಿಂದಕ್ಕೆ ಬಿದ್ದ. ನಾನು ನೆಲಕ್ಕೆ ಮುಖ ಹಚ್ಚಿದೆ. ಕಲ್ಲುಗಳು ಸುತ್ತಲೂ ಸುರಿದವು. ತಲೆಯೆತ್ತಿ ನೋಡಿದಾಗ ಬುಟ್ಟಿಯ ಒಂದು ಮಗ್ಗುಲು ಒಳಕ್ಕೆ ನುಗ್ಗಿತ್ತು. ಯಾರಿಯವನ ಹುಬ್ಬಿನ ಮೇಲೆ ರಕ್ತ. ಅವನು ಬ್ರೇಕ್ ಬಿಟ್ಟಿರಲಿಲ್ಲ.

ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮಿಸ್ತ್ರಿ ಎದ್ದು, ಯಾರ ಮುಖವನ್ನೂ ನೋಡದೆ ನದಿಯ ಕಡೆ ನಡೆದ. ಅವನು ಆಗಲೂ ಏನೂ ಒಪ್ಪಿಕೊಳ್ಳಲಿಲ್ಲ, ಆಮೇಲೂ ಇಲ್ಲ. ಆಳುಗಳು ಯಾರಿಯವನನ್ನು ಮುತ್ತಿಕೊಂಡರು. ಗುತ್ತಿಗೆದಾರ ಸುದ್ದಿ ಕೇಳಿ ಓಡಿಬಂದು ಅವನ ಕೈ ಹಿಡಿದು, "ದೇವರಂಥಾ ಮನಶ್ಯಾ ಅದಿಯೋ ಮಾರಾಯಾ," ಎಂದ. ಅವನು ಕೈ ಬಿಡಿಸಿಕೊಂಡು ಶೆಡ್ಡಿನ ಕಡೆ ಹೋದ.

ಜನ ಚದುರಿದ ಮೇಲೆ ನಾನೂ ಹೋದೆ. ಹೊತ್ತು ಇಳಿಯುತ್ತಿತ್ತು. ಹುಬ್ಬಿಗೆ ಅರಿಷಿಣ ಒತ್ತಿಕೊಂಡು ಹೊರಗೆ ಕೂತಿದ್ದ.

"ನನ್ನ ಜೀವ ಉಳಿಸಿದಿ," ಎಂದೆ.

"ಇಲ್ರಿ," ಎಂದ. "ನೀವು ಬುಟ್ಟ್ಯಾಗ ಇದ್ದದ್ದು ನನಗ ಕಾಣಿಸಲೇ ಇಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ನೆಲ ನೋಡುತ್ತ ಹೇಳಿದ. "ಕಲ್ಲು ಉಳದದ್ದು ಮೊದಲ ಗೊತ್ತಿತ್ರಿ. ಗೊತ್ತಿದ್ದೂ ಬ್ರೇಕ್ ಬಿಟ್ಟೆ. ಅವ ಕೇಳಿದಾಗ ಸುಮ್ಮಕಾದೆ. ಕಣ್ಣಿಗೆ ಅವ ಒಬ್ಬನ ಕಾಣಾಕತ್ತಿದ್ದ. ನೀವು ಇರಲಿಲ್ಲ, ಬಾವಿ ಇರಲಿಲ್ಲ. ಹಗ್ಗ ಹೋಗಾಕತ್ತಿತ್ತು. ಆಗ ನೆಪ್ಪಾತ್ರಿ, ಸಂಜೀಕ ಮೊಣಕಾಲೂರಬೇಕಲ್ಲ. ದಿನಾ ತಗೊಳ್ಳೂ ಹೆಸರು ಇವತ್ತ ಹ್ಯಾಂಗ ತಗೋಲಿ? ಸತ್ತವನ ಹೆಸರು ಅಂತ ತಗೋಲಿ, ನಾ ಕೊಂದವನ ಹೆಸರು ಅಂತ ತಗೋಲಿ? ಸ್ವಾಮೀ, ನನ್ನ ಕೈ ನನ್ನ ಮಾತ ಕೇಳವಲ್ದು, ನೀ ಹಿಡಿ ಅಂದೆ. ಅಷ್ಟ ಅಂದೆ. ಕೈ ಬ್ರೇಕಿನ ಮ್ಯಾಲ ಬಿತ್ತು."

ಬಾವಿ ಸಿಡಿದಾಗ ಆಗದ ಭಯ ಆಗ ಆಯಿತು. ಟೇಪು ಹಿಡಿದು, ಬೆಳಕಿನಲ್ಲಿ, ಅವನ ಕಣ್ಣೆದುರಿಗೇ ಬುಟ್ಟಿ ಹತ್ತಿದ್ದೆ. ನನಗಾಗಿ ಆ ಬುಟ್ಟಿ ನಿಲ್ಲುತ್ತಿರಲಿಲ್ಲ. ಅವನು ದ್ವೇಷಿಸುತ್ತಿದ್ದ ಮನುಷ್ಯನಿಗಾಗಿ ಅದು ನಿಂತಿತು. ಅವನ ಮಗ್ಗುಲಲ್ಲಿ ಇದ್ದುದರಿಂದ ನಾನು ಉಳಿದೆ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತೇವೆ. ಕೈ ಮುಗಿದು, ನಕ್ಕು, ಸಿಹಿ ತಿಂದು ಮುಗಿಸುತ್ತೇವೆ. ದಿನವೂ ಹಲ್ಲು ಕಚ್ಚಿ ಒಂದೇ ಹೆಸರನ್ನು ಉಚ್ಚರಿಸುವುದು ಎಂಥ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಸಿಟ್ಟೂ ಬಂತು. "ಇದನ್ನ ನಾ ಗುತ್ತಿಗೆದಾರಗ ಹೇಳಿದ್ರ?" ಎಂದೆ.

"ಹೇಳಬೇಕ್ರಿ. ಅದಕ್ಕ ನಿಮಗ ಹೇಳೀನಿ. ಮುಚ್ಚಿಟ್ಟರ ನಾಳೆ ಮತ್ತ ಅದ ಬರತೈತಿ."

ಹೇಳಿದರೆ ಅವನನ್ನು ಅಂದೇ ಓಡಿಸುತ್ತಿದ್ದರು. ಬರುವ ಹೊಸಬನ ಮನಸ್ಸಿನಲ್ಲಿ ಏನಿರುತ್ತದೋ ನನಗೆ ಗೊತ್ತಿರುವುದಿಲ್ಲ. ಇವನ ಮನಸ್ಸಿನಲ್ಲಿ ಇದ್ದದ್ದನ್ನು ಇವನೇ ನನ್ನ ಮುಂದೆ ಎರಡು ಸಲ ಇಟ್ಟಿದ್ದ. ಅದನ್ನು ತೂಗಿ ನೋಡುತ್ತ ಬಹಳ ಹೊತ್ತು ಅಲ್ಲೇ ಓಡಾಡಿದೆ. ಆಮೇಲೆ ಬಂದು ಹೇಳಿದೆ: "ಇನ್ನ ಮ್ಯಾಲ ಬಾಯಿಬಿಟ್ಟ ಎಣಸಬೇಕು. ನಿನ್ನ ಮಗ್ಗಲದಾಗ ಕೂತು ನಾನೂ ಕಲ್ಲು ಹಿಡೀತೀನಿ. ನನ್ನ ಕೈ, ನಿನ್ನ ಕೈ, ಎರಡೂ ಖಾಲಿ ಆದ್ರ ಮಾತ್ರ ಬುಟ್ಟಿ ಇಳೀಬೇಕು."

"ಮತ್ತ ಬುಟ್ಟ್ಯಾಗ?"

"ಮಿಸ್ತ್ರಿ ಜೋಡಿ ನಾನೂ ಇಳಿತೀನಿ."

ಅವನು ಎದ್ದು ಕೈಕಾಲು ತೊಳೆದು ಬಂದು ಮೊಣಕಾಲೂರಿದ. ನಾನು ಎದ್ದು ಹೋಗಲಿಲ್ಲ. ಆ ದಿನ ನಾನು ಉಣ್ಣಲೂ ಇಲ್ಲ. ಅವನು ಮೊದಲು ಬಹಳ ಹೊತ್ತು ಅತ್ತ. ಆಮೇಲೆ ಮಿಸ್ತ್ರಿಯ ಹೆಸರು ತೆಗೆದುಕೊಂಡ, ಮತ್ತೆ ತೆಗೆದುಕೊಂಡ. ತಮ್ಮನ ಹೆಸರು ಹೇಳಿದ. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಅವನು ಕಣ್ಣು ತೆರೆಯದೆ, ಮೊಣಕಾಲೂರಿಕೊಂಡೇ ನನ್ನ ಕಡೆ ಮುಖ ಹೊರಳಿಸಿದ.

"ಸಾಹೇಬ್ರ, ಇಷ್ಟು ದಿನ ಸಾಹೇಬ್ರ ಸಾಹೇಬ್ರ ಅಂತಾನ ಆತು," ಎಂದ. "ನಿಮ್ಮ ಹೆಸರೇನ್ರಿ?"